ಮೇಲಿನ ಹೊರಮೂಲೆ

ಮಳವಳ್ಳಿ,
೧೪–೩–೧೯೪೫

ಜಾನ್ ಬೀ ಅಕ್ಕನವರಿಗೆ,

ಹನಕೆರೆ ಮಂಗಳಮ್ಮ ಬರೆಯುತ್ತಿರುವುದು. ನೆನಪಿದೆಯೇ ಎಂದು ಕೇಳುವುದಿಲ್ಲ. ನೀವು ಯಾರನ್ನೂ ಮರೆಯುವವರಲ್ಲ.

ಮೊನ್ನೆ ಸೋಮವಾರ ಇಲ್ಲಿಯ ಆಸ್ಪತ್ರೆಯಲ್ಲಿ ಹಲಗೂರಿನ ರೈತನೊಬ್ಬನ ಕೈಗೆ ಪಟ್ಟಿ ಕಟ್ಟುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು, "ಮದ್ದೂರಿನ ಬಾಬು ಜಾನ್ ಕಾಂಪೌಂಡ್ರು ಕಟ್ಟಿದ್ರೆ ಇಷ್ಟು ನೋಯ್ತಿರಲಿಲ್ಲ ಕಣವ್ವ. ಪಾಪ, ಓದ್ ತಿಂಗ್ಳು ತೀರ್ಕಂಡ್ರಂತೆ" ಎಂದ. ಕೈಯಲ್ಲಿದ್ದ ಪಟ್ಟಿಯ ಸುರುಳಿ ಜಾರಿ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದ ಪಟ್ಟಿಯನ್ನು ಮತ್ತೆ ಗಾಯಕ್ಕೆ ಕಟ್ಟಬಾರದು ಎಂದು ಕಲಿಸಿದವರೂ ನಿಮ್ಮ ಯಜಮಾನರು, ನಮ್ಮ ಸಾಬರೇ. ಬೇರೆ ಪಟ್ಟಿ ತೆಗೆದು ಕಟ್ಟಿ ಮುಗಿಸಿದೆ. ಆಮೇಲೆ ಔಷಧದ ಕೋಣೆಗೆ ಹೋಗಿ ಕದ ಹಾಕಿಕೊಂಡೆ.

ಅಕ್ಕ, ಹನಕೆರೆಯಿಂದ ಬೆಳಗಿನ ರೈಲು ಹತ್ತಿ ಮದ್ದೂರಿಗೆ ಬರುತ್ತಿದ್ದ ಆ ಎರಡು ವರ್ಷ ಈಗ ಕಣ್ಣಿಗೆ ಕಟ್ಟಿದಂತಿದೆ. ಗಂಡ ಸತ್ತ ಹದಿನೇಳರ ಹುಡುಗಿ ಆಸ್ಪತ್ರೆ ಕೆಲಸ ಕಲಿಯುವುದೆಂದರೆ ಊರೆಲ್ಲ ನಕ್ಕಿತ್ತು. ಸಾಬರು ನಮ್ಮಣ್ಣ ಹೊನ್ನಯ್ಯನಿಗೆ, "ಈ ಮಗಿನ ಕೈ ನಡುಗಾಕಿಲ್ಲ ಕಣಪ್ಪ, ಇದ್ನ ಸಗಣಿ ಬಾಚಾಕೆ ಆಕ್ಬ್ಯಾಡ" ಎಂದು ಹೇಳಿ ನನ್ನನ್ನು ಕರೆತಂದರು. ಡಾಕ್ಟರ್ ಶಿವಯ್ಯನವರ ಆಸ್ಪತ್ರೆಯ ಹಿಂಬಾಗಿಲಲ್ಲಿ ನಾನು ಮೊದಲು ನೋಡಿದ್ದು ನಿಮ್ಮನ್ನು. ಒಲೆಯ ಮೇಲೆ ತಪ್ಪಲೆ ಕುದಿಯುತ್ತಿತ್ತು. ಸಹಾಯ ಮಾಡೋಣವೆಂದು ಮುಚ್ಚಳ ತೆಗೆಯಲು ಹೋದೆ. "ಮುಟ್ಟಬ್ಯಾಡ, ಅದು ಸೂಜಿ ಆಕೋ ಪಿಚಕಾರಿ ಬೇಯ್ತಿರಾದು. ಅನ್ನ ಅಂದ್ಕಂಡು ಬಸಿದುಬುಟ್ಟೀಯ" ಎಂದಿರಿ. ಆ ಮಾತಿಗೆ ನನಗೆ ಈಗಲೂ ನಗು ಬರುತ್ತದೆ.

ಹೇಳದೆ ಕೇಳದೆ ಹೊರಟುಹೋದೆ. ಐದೂವರೆ ವರ್ಷ ಒಂದು ಸಾಲು ಬರೆಯಲಿಲ್ಲ. ಅದಕ್ಕೆ ಕಾರಣವಿದೆ. ಈ ಕಾಗದದಲ್ಲಿ ಅದು ಬೇಡ.

ಮಗಳು ಹಬೀಬಾ ಹೇಗಿದ್ದಾಳೆ? ಅವಳ ಕಾಲು ಹೇಗಿದೆ?

ನಿಮ್ಮ ಮನೆಯ ಉಪ್ಪು ತಿಂದ,
ಮಂಗಳ


ಮದ್ದೂರು,
೨–೪–೧೯೪೫

ಮಂಗಳಕ್ಕನಿಗೆ,

ಅಮ್ಮಿಗೆ ಕನ್ನಡ ಓದು ಬರಹ ಬಾರದು. ನಿಮ್ಮ ಕಾಗದ ಓದಿ ಹೇಳಿದ್ದು ನಾನೇ, ಹಬೀಬುನ್ನೀಸಾ. ಈಗ ಅವಳು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. "ನಾ ಯೋಳ್ದಂಗೇ ಬರಿ, ನಿನ್ ಸ್ಕೂಲ್ ಮಾತು ತುರುಕಬ್ಯಾಡ" ಎನ್ನುತ್ತಾಳೆ.

"ಮಂಗಳಾ, ನಿನ್ ಕಾಗ್ದ ಬಂತು. ಸಾಯೋ ಒತ್ತಲ್ಲಿ ಅವರಿಗೆ ಕಷ್ಟ ಆಗ್ಲಿಲ್ಲ. ಎದೆ ಇಡ್ಕಂಡು ಕುಂತ್ರು, ಅಂಗೇ ಒರಗಿದ್ರು. ಊರೋರೆಲ್ಲ ಬಂದು ಅತ್ತರು. ಎಲ್ರೂ ಒಂದೇ ಮಾತು, ಕಾಂಪೌಂಡ್ರ ಕೈ ಬಂಗಾರದ ಕೈ ಅಂತ. ಊರಿಗೆಲ್ಲ ಬಂಗಾರ, ಮಗಳಿಗೆ ಮಾತ್ರ ಕಬ್ಬಿಣ. ತಂಗಿ ಮದ್ವೆ ಅಂತ ನಾಕು ದಿನ ಚನ್ನಪಟ್ಣಕ್ಕೆ ಓದೆ. ಬರಾದ್ರೊಳಗೆ ಚಳಿಜ್ವರದ ಕೂಸಿಗೆ ಸೂಜಿ ಚುಚ್ಚಿ ಕಾಲು ಕಳೆದು ಮಡಗಿದ್ರು. ಡಾಕುಟ್ರೇ ಆರು ತಿಂಗ್ಳು ಅವ್ರ ಕೈಗೆ ಪಿಚಕಾರಿ ಕೊಡ್ಲಿಲ್ಲ. ಇಪ್ಪತ್ತು ವರ್ಷ ಅವ್ರ ಪಿಚಕಾರಿ ಬೇಯಿಸ್ದೋಳು ನಾನು. ಅವತ್ತಿಂದ ಒಲೆ ಮೇಲೆ ಇಡ್ಲಿಲ್ಲ."

ಇನ್ನೂ ಹೇಳುತ್ತಾಳೆ: "ಈಗ ಬಂದಿರೋ ಕಾಂಪೌಂಡ್ರು ಚಿಕ್ಕ ವಯಸ್ಸಿನ ಗಂಡಸು. ನಮ್ಮ ಮೊಹಲ್ಲಾ ಎಂಗಸ್ರು ಅವ್ನ ಕೈಲಿ ಸೂಜಿ ಆಕಿಸ್ಕಳಾಕಿಲ್ಲ. ಗೌಡ್ರ ಮನೆ ಎಂಗಸ್ರೂ ಇಲ್ಲ. ಜ್ವರದಲ್ಲಿ ಸಾಯ್ತೀವಿ ಅಂತಾರೆ, ಸೀರೆ ಸರಿಸಾಕಿಲ್ಲ ಅಂತಾರೆ. ನನ್ ಮಗಳು ತಾನು ಕಲೀತೀನಿ ಅಂತ ಅಟ ಇಡಿದವ್ಳೆ. ನೀನು ಅವ್ರತ್ರ ಕಲ್ತೋಳು. ಇವ್ಳಿಗೆ ನೀನು ಕಲಿಸ್ಬೇಕು."

ಅಮ್ಮಿ ಹೇಳಿದ್ದು ಮುಗಿಯಿತು. ಇನ್ನು ನನ್ನದು. ಅಕ್ಕ, ನನಗೀಗ ಹದಿನೈದು. ಎಡ ಪಾದ ಈಗಲೂ ಏಳುವುದಿಲ್ಲ, ಬೆರಳು ನೆಲಕ್ಕೆ ಎಳೆಯುತ್ತದೆ. ಅಬ್ಬಾ ಚಮ್ಮಾರ ಚೌಡಯ್ಯನ ಬಳಿ ತೊಗಲಿನ ಪಟ್ಟಿ ಮಾಡಿಸಿ ಮೀನಖಂಡಕ್ಕೆ ಬಿಗಿದುಕೊಟ್ಟಿದ್ದರು. ಅದು ಬೆರಳನ್ನು ಎತ್ತಿ ಹಿಡಿಯುತ್ತದೆ. ನಾನು ಬೆಳೆದಂತೆ ವರ್ಷಕ್ಕೊಂದು ಹೊಸದು. ನಡೆಯಬಲ್ಲೆ, ನಿಲ್ಲಬಲ್ಲೆ. ಅಬ್ಬಾ ಅವರ ಸ್ವಂತ ಪಿಚಕಾರಿಯ ಡಬ್ಬಿ ನನ್ನ ಹತ್ತಿರವಿದೆ. ಮೊದಲು ಏನು ಕಲಿಯಲಿ?

ಜಾನ್ ಬೀ ಪರವಾಗಿ,
ಹಬೀಬುನ್ನೀಸಾ


ಮಳವಳ್ಳಿ,
೧೯–೪–೧೯೪೫

ಹಬೀಬಾ ಮಗಳೇ,

ನಿನ್ನ ಕಾಗದವನ್ನು ಹದಿನೈದು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಆಗುವುದಿಲ್ಲ ಎಂದು ಬರೆಯಲು ಎರಡು ಸಲ ಕುಳಿತೆ. ನಿಮ್ಮ ಅಬ್ಬಾ ಇದ್ದಿದ್ದರೆ ನನಗೆ ಬೈಯುತ್ತಿದ್ದರು. ಅದಕ್ಕೇ ಕಲಿಸುತ್ತೇನೆ.

ಮೊದಲು ಕೈ ತೊಳೆಯುವುದು. ಬಳೆ ಮೇಲೆ ಸರಿಸಿ, ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಯನ್ನು ಉಜ್ಜಬೇಕು. ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ತೊಳೆಯದ ಹಾಗೆಯೇ. ನನ್ನ ಸೆರಗನ್ನು ಸಾಬರು ದಾರದಿಂದ ಬೆನ್ನಿಗೆ ಕಟ್ಟಿಸುತ್ತಿದ್ದರು.

ಪಿಚಕಾರಿಯ ಕೊಳವೆ, ಒಳಗಿನ ದಂಡ ಎರಡನ್ನೂ ಬಿಡಿಸು. ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ತಣ್ಣೀರಿನಲ್ಲಿಟ್ಟು ಆಮೇಲೆ ಒಲೆ ಹಚ್ಚು. ಕುದಿಯುವ ನೀರಿಗೆ ಹಾಕಿದರೆ ಗಾಜು ಸೀಳುತ್ತದೆ. ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ. ನಿಮ್ಮಮ್ಮನಿಗೆ ಗಡಿಯಾರ ಬೇಕಿರಲಿಲ್ಲ. ಒಂದು ಮೊರ ಹುರುಳಿಯಲ್ಲಿ ಕಲ್ಲು ಆರಿಸಿ ಮುಗಿಸಿದರೆ ಸರಿಯಾಗಿ ಇಪ್ಪತ್ತು ನಿಮಿಷ ಆಗಿರುತ್ತಿತ್ತು. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡು. ನೂಲು ಸಿಕ್ಕಿಕೊಂಡರೆ ಮೊನೆ ಮಡಿಚಿದೆ ಎಂದರ್ಥ. ಎಣ್ಣೆಗಲ್ಲಿನ ಮೇಲೆ ಮಸೆದು, ಒಳಗೆ ತಂತಿ ತೂರಿಸಿ, ಮತ್ತೆ ಕುದಿಸಬೇಕು.

ಔಷಧ ಎಳೆದ ಮೇಲೆ ಸೂಜಿಯನ್ನು ಮೇಲಕ್ಕೆ ಹಿಡಿದು ಗಾಳಿಯನ್ನೆಲ್ಲ ಹೊರಗೆ ಕಳಿಸು. ಮೊದಲು ಬಾಳೆದಿಂಡಿಗೆ ಚುಚ್ಚಿ ಕಲಿ, ಆಮೇಲೆ ಚಕ್ಕೋತ ಹಣ್ಣಿಗೆ. ಚಕ್ಕೋತದ ಸಿಪ್ಪೆ ನಮ್ಮ ಚರ್ಮದ ಹಾಗೆ ಒಂದು ಕ್ಷಣ ತಡೆದು ಆಮೇಲೆ ಬಿಟ್ಟುಕೊಡುತ್ತದೆ. ಚುಚ್ಚುವಾಗ ಅನುಮಾನಿಸಬಾರದು, ಔಷಧ ತಳ್ಳುವಾಗ ಆತುರ ಮಾಡಬಾರದು. ನಾನು ನೀರು ತುಂಬಿ ಐವತ್ತು ಸಲ ಚುಚ್ಚಿದ ಚಕ್ಕೋತವನ್ನು ಸಾಬರು ಸುಲಿದು ಕೂತು ತಿಂದರು. "ನೋಡಮ್ಮ, ನಿನ್ನ ಸೂಜಿ ತಿಂದೂ ಬದ್ಕಿದ್ದೀನಿ" ಎಂದರು.

ಮನುಷ್ಯರ ಮೈಗೆ ಮಾತ್ರ ತಾಗಿಸಬೇಡ. ಡಾಕ್ಟರು ಒಪ್ಪಿ, ಬಲ್ಲವರು ಪಕ್ಕದಲ್ಲಿ ನಿಂತ ದಿನವೇ ಅದು. ಎಷ್ಟೇ ಧೈರ್ಯ ಬಂದರೂ ಅದಕ್ಕೆ ಮುಂಚೆ ಕೂಡದು.

ಮಂಗಳಕ್ಕ


ಮದ್ದೂರು,
೨೮–೫–೧೯೪೫

ಮಂಗಳಕ್ಕನಿಗೆ,

ಒಂದು ಬಾಳೆದಿಂಡು, ಮೂರು ಚಕ್ಕೋತ ಮುಗಿದವು. ಎರಡನೆಯ ಚಕ್ಕೋತ ಪಡಸಾಲೆಯಲ್ಲಿ ಇಟ್ಟಿದ್ದೆ. ರಾತ್ರಿಯೆಲ್ಲ ನೀರು ಸೋರಿ ಅಮ್ಮಿಯ ಚಾಪೆ ಒದ್ದೆಯಾಯಿತು. "ಈ ಅಣ್ಣಿಗೂ ಸೀತ ಆಯ್ತಾ?" ಎಂದು ಬೈದಳು. ಬೈದು ನಕ್ಕಳು. ಅಬ್ಬಾ ಹೋದ ಮೇಲೆ ಅಲ್ಲ ಅಕ್ಕ, ಎಷ್ಟೋ ವರ್ಷದ ಮೇಲೆ ನಕ್ಕಳು. ಪಿಚಕಾರಿ ಕುದಿಯಲು ಇಟ್ಟಾಗ ದೂರದಲ್ಲೇ ಕೂತು ನೋಡುತ್ತಾಳೆ. ಗಾಜು ತಪ್ಪಲೆಗೆ ಬಡಿದ ಸದ್ದಾದರೆ, "ಬಟ್ಟೆ ಸಡಿಲ ಆಯ್ತು ನೋಡು" ಎನ್ನುತ್ತಾಳೆ. ಹತ್ತಿರ ಬರುವುದಿಲ್ಲ.

ಥರ್ಮಾಮೀಟರ್ ಒದರಿ ಇಳಿಸುವುದು, ನಾಡಿ ಎಣಿಸುವುದು ಬಂತು. ನಾನು ಹೆಂಗಸರ ಕಡೆ ಕೂತು ಜ್ವರ ನೋಡಲು ಡಾಕ್ಟರು ಒಪ್ಪಿದ್ದಾರೆ.

ಆದರೆ ಅಕ್ಕ, ನೀವು ಎಲ್ಲ ಬರೆದಿರಿ, ಎಲ್ಲಿ ಚುಚ್ಚಬೇಕೆಂದು ಮಾತ್ರ ಬರೆದೇ ಇಲ್ಲ. ಅಬ್ಬಾ ಅವರ ನೋಟ್ ಪುಸ್ತಕದಲ್ಲಿ ಒಂದು ಪುಟದ ತುಂಬ "ಮೇಲಿನ ಹೊರಮೂಲೆ" ಎಂದಷ್ಟೇ ಇದೆ. ಒಂದು ದಿನ ಅವರು ನನ್ನ ಕಾಲಿಗೆ ತೊಗಲಿನ ಪಟ್ಟಿ ಬಿಗಿಯುತ್ತಿದ್ದಾಗ, "ಅಬ್ಬಾ, ನಿಮಗೆ ಜಾಗ ಗೊತ್ತಿರಲಿಲ್ಲವೇ?" ಎಂದು ಕೇಳಿದ್ದೆ. "ಅವತ್ತು ಗೊತ್ತಿರಲಿಲ್ಲ ಅಂತ ಇಟ್ಕೋ ಮಗಳೇ" ಎಂದರು. ಇಪ್ಪತ್ತು ವರ್ಷ ಗೊತ್ತಿದ್ದ ಜಾಗ ಅವತ್ತೊಂದು ದಿನ ಹೇಗೆ ತಪ್ಪಿತು? ನನಗೆ ಜ್ವರದ ಮಂಪರು, ಬೋರಲು ಮಲಗಿದ್ದೆ, ನೋವು ಬಿಟ್ಟು ಬೇರೇನೂ ನೆನಪಿಲ್ಲ. ನೀವು ಅಲ್ಲೇ ಇದ್ದಿರಂತೆ. ನಿಮಗೆ ಗೊತ್ತಿರಬೇಕಲ್ಲ?

ಹಬೀಬಾ


ಮಳವಳ್ಳಿ,
೧೦–೬–೧೯೪೫

ಹಬೀಬಾ,

ಈ ಕಾಗದವನ್ನು ಒಬ್ಬಳೇ ಓದು. ಆಮೇಲೆ ಅಮ್ಮನಿಗೆ ಓದುವುದು ಬಿಡುವುದು ನಿನಗೆ ಸೇರಿದ್ದು.

ಮೊದಲು ಪಾಠ. ರೋಗಿಯನ್ನು ಬೋರಲು ಮಲಗಿಸು. ಸೀರೆಯನ್ನು ಸೊಂಟದಿಂದ ಪೂರಾ ಸರಿಸಬೇಕು. ನಾಚಿಕೆಗೆಂದು ಅರ್ಧ ಸರಿಸಿದರೆ ಜಾಗ ಮೋಸ ಮಾಡುತ್ತದೆ. ಒಂದು ಕಡೆಯ ಕುಂಡಿಯ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದಂತೆ ಭಾವಿಸಿಕೋ. ನಾಲ್ಕು ಭಾಗವಾಯಿತು. ಸೂಜಿ ಹೋಗಬೇಕಾದದ್ದು ಮೇಲಿನ, ಹೊರಗಿನ ಭಾಗಕ್ಕೆ ಮಾತ್ರ. ಉಳಿದ ಭಾಗದೊಳಗೆ ಹೆಬ್ಬೆರಳು ಗಾತ್ರದ ನರ ಕಾಲಿಗೆ ಇಳಿಯುತ್ತದೆ. ಸ್ಪಿರಿಟ್ ಹಚ್ಚಿ ಆರಲು ಬಿಡು. ಚುಚ್ಚಿದ ಮೇಲೆ ದಂಡವನ್ನು ಸ್ವಲ್ಪ ಹಿಂದಕ್ಕೆಳೆದು ನೋಡು. ರಕ್ತ ಬಂದರೆ ತೆಗೆದುಬಿಡು. ರೋಗಿ ಕಾಲಿನವರೆಗೆ ಮಿಂಚು ಹೊಡೆದಂತೆ ಕೂಗಿದರೆ ಆ ಕ್ಷಣ ತೆಗೆ, ಒಂದು ಹನಿಯೂ ಬಿಡಬೇಡ.

ನೀನು ಹಾಗೆಯೇ ಕೂಗಿದೆ. ನಾನು ತೆಗೆಯಲಿಲ್ಲ.

ಹೌದು ಮಗಳೇ. ನಿನಗೆ ಚುಚ್ಚಿದ್ದು ನಿಮ್ಮ ಅಬ್ಬಾ ಅಲ್ಲ, ನಾನು.

ಡಾಕ್ಟರು ಬೆಂಗಳೂರಿಗೆ ಹೋಗಿದ್ದರು. ಕುಡಿಸಿದ ಔಷಧವನ್ನೆಲ್ಲ ನೀನು ಕಕ್ಕುತ್ತಿದ್ದೆ. ಹಾಗಾದರೆ ಕ್ವಿನೈನ್ ಸೂಜಿ ಕೊಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಸಾಬರು ಎಲ್ಲ ಸಿದ್ಧ ಮಾಡುವಷ್ಟರಲ್ಲಿ ರೈಲ್ವೆ ಕೂಲಿಯೊಬ್ಬನ ಕೈ ಜಜ್ಜಿಹೋಗಿದೆಯೆಂದು ಸ್ಟೇಷನ್ನಿನಿಂದ ಕರೆ ಬಂತು. "ಅರ್ಧ ಗಂಟೇಲಿ ಬತ್ತೀನಿ, ನೀನು ತಣ್ಣೀರು ಪಟ್ಟಿ ಆಕ್ತಿರು, ಪಿಚಕಾರಿ ಮುಟ್ಟಬ್ಯಾಡ" ಎಂದು ಹೇಳಿ ಓಡಿದರು. ಒಂದು ಗಂಟೆಯಾದರೂ ಬರಲಿಲ್ಲ. ಜ್ವರ ನೂರೈದು ತೋರಿಸಿತು. ನೀನು ಇಲ್ಲದ ಮಾತಾಡತೊಡಗಿದೆ. ನನಗೆ ಹೆದರಿಕೆಯಾಯಿತು. ಬರೀ ಹೆದರಿಕೆ ಎಂದರೆ ಸುಳ್ಳಾಗುತ್ತದೆ. ನನಗೂ ಬರುತ್ತದೆ ಎಂಬ ಜಂಬವೂ ಇತ್ತು. ನಿನ್ನ ಲಂಗವನ್ನು ಅರ್ಧ ಸರಿಸಿದೆ. ನೀನು ಒದ್ದಾಡಿದೆ, ನನ್ನ ಕೈ ಕೆಳಕ್ಕೆ, ಒಳಕ್ಕೆ ಹೋಯಿತು. ನೀನು ಕೂಗಿದಾಗ ಮಕ್ಕಳು ಕೂಗುತ್ತವೆ ಎಂದುಕೊಂಡು ಪೂರಾ ಔಷಧ ಬಿಟ್ಟೆ.

ಸಾಯಂಕಾಲ ಜ್ವರ ಇಳಿಯಿತು. ನೀನು ಎದ್ದು ನಿಲ್ಲಲು ಹೋಗಿ ಬಿದ್ದೆ. ಅಷ್ಟರಲ್ಲಿ ಬಂದಿದ್ದ ಸಾಬರು ನಿನ್ನ ಪಾದ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು. "ನೀನು ಚುಚ್ಚಿಲ್ಲ. ನಾನು ಚುಚ್ಚಿದ್ದು. ಯಾರ್ ಕೇಳಿದ್ರೂ ಇಷ್ಟೇ" ಎಂದರು. ನಾನು ಅಳುತ್ತ, ಅಕ್ಕನಿಗಾದರೂ ಹೇಳುತ್ತೇನೆ ಎಂದೆ. "ಅವ್ಳಿಗೆ ಯೋಳಿದ್ರೆ ಊರಿಗೆ ಗೊತ್ತಾಯ್ತದೆ. ನಂಗೆ ಬೈತಾರೆ, ಬೈದು ಸುಮ್ನಾಯ್ತಾರೆ. ನಿನ್ ಕೈಗೆ ಮಾತ್ರ ಇನ್ನೊಂದ್ಸಲ ಯಾರೂ ಸೂಜಿ ಕೊಡಾಕಿಲ್ಲ ಕಣಮ್ಮ. ಮತ್ತೆ ಆ ಸಗಣಿ ಬಾಚಾಕೇ ಓಯ್ತೀಯ" ಎಂದರು. ಆ ವಾರವೇ ಯಾರನ್ನೋ ಹಿಡಿದು ಮೈಸೂರಿಗೆ ದಾದಿಯರ ತರಬೇತಿಗೆ ನನ್ನನ್ನು ಕಳಿಸಿದರು.

ಅಮ್ಮ ಅವರನ್ನು ಹಾಗೆ ದೂರ ಇಟ್ಟಿದ್ದರೆಂದು ನಿನ್ನ ಮೊದಲ ಕಾಗದ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಂದು ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ.

ಮಂಗಳ


ಮಳವಳ್ಳಿ,
೨೦–೮–೧೯೪೫

ಹಬೀಬಾ,

ಎರಡು ತಿಂಗಳು ದಾಟಿತು. ಇಲ್ಲಿ ಯುದ್ಧ ಮುಗಿಯಿತೆಂದು ಪೇಟೆಯಲ್ಲಿ ಸಕ್ಕರೆ ಹಂಚಿದರು. ಅಂಚೆಯವನು ಆಸ್ಪತ್ರೆಗೆ ಬಂದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತೇನೆ. ನೀನು ಬರೆಯಬೇಕಾಗಿಲ್ಲ. ಆರೋಗ್ಯವಾಗಿದ್ದೀಯೆಂದು ಖಾಲಿ ಕಾರ್ಡೊಂದನ್ನು ಹಾಕಿದರೂ ಸಾಕು.

ಮಂಗಳ


ಮದ್ದೂರು,
೧೧–೯–೧೯೪೫

ಮಂಗಳಕ್ಕನಿಗೆ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು.

ನಿಮ್ಮ ಮೇಲೆ ಸಿಟ್ಟು ಬಂತು. ಹದಿನೈದು ದಿನ ಪಿಚಕಾರಿಯ ಡಬ್ಬಿ ಮುಟ್ಟಲಿಲ್ಲ. ಸ್ಕೂಲಿನಲ್ಲಿ ಹುಡುಗಿಯರು ಕುಂಟಾಟ ಆಡುವಾಗ ನನ್ನನ್ನು ಕರೆಯದೆ ಹೋದದ್ದು, ಪೋಲಿಗಳು ಹಿಂದೆ ಕಾಲೆಳೆದು ನಡೆದದ್ದು ಎಲ್ಲ ನಿಮ್ಮ ಮುಖದ ಜೊತೆ ನೆನಪಾಯಿತು. ನಿಮ್ಮ ಮುಖ ನನಗೆ ಈಗ ಸರಿಯಾಗಿ ಕಣ್ಣಿಗೆ ಬರುವುದೂ ಇಲ್ಲ.

ಆಮೇಲೆ ಅಬ್ಬಾ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ನಿಮ್ಮನ್ನು ಉಳಿಸಿದರು, ಸರಿ. ನಮ್ಮ ಮನೆ? ಅವರು ಊಟಕ್ಕೆ ಕೂತರೆ ಅಮ್ಮಿ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. "ಸಾರು ಉಳಿದಿದೆಯಾ ನಿಮ್ಮಮ್ಮನ್ನ ಕೇಳು" ಎಂದು ಅವರು ನನಗೆ ಹೇಳುತ್ತಿದ್ದರು. ಮೂರು ಮಾರು ದೂರದ ಅಡುಗೆಮನೆಗೆ ನಾನು ಸುದ್ದಿ ಒಯ್ಯುತ್ತಿದ್ದೆ. ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ಅವರ ತಟ್ಟೆಯ ಪಕ್ಕ ಅಮ್ಮಿ ಕೂರುತ್ತಿದ್ದಳು. ಹೇಳಲಿಲ್ಲ.

ಅಮ್ಮಿ ವಾರಕ್ಕೆರಡು ಸಲ ಕೇಳುತ್ತಾಳೆ, "ಮಂಗಳ ಬರೆದ್ಲಾ?" ಇಲ್ಲ ಎನ್ನುತ್ತೇನೆ. ನಿಮ್ಮ ಕಾಗದ ನನ್ನ ಕುರಾನಿನ ಪೆಟ್ಟಿಗೆಯ ಕೆಳಗಿದೆ. ಓದಿದರೆ ಅಬ್ಬಾ ಅವರ ಹೆಸರಿಗೆ ಅಂಟಿದ ಕಳಂಕ ತೊಳೆದು ಹೋಗುತ್ತದೆ. ಆದರೆ ಅಮ್ಮಿ? ಇಷ್ಟು ವರ್ಷ ಸುಮ್ಮನೆ ದೂರ ಮಾಡಿದೆನಲ್ಲ ಎಂದು ಅವಳು ಹೇಗೆ ಬದುಕುತ್ತಾಳೆ? ನೀವು ಹೇಳಿ ಹಗುರಾದಿರಿ. ಈಗ ಹೊತ್ತಿರುವುದು ನಾನು.

ಹಬೀಬುನ್ನೀಸಾ


ಮಳವಳ್ಳಿ,
೧೭–೯–೧೯೪೫

ಹಬೀಬಾ,

ನೀನು ಬರೆದದ್ದು ನಿಜ. ಹೊರೆಯನ್ನು ಇಳಿಸುವಾಗ ಕೆಳಗೆ ಯಾರಿದ್ದಾರೆಂದು ನಾನು ನೋಡಲಿಲ್ಲ.

ನಾನೇ ಬಂದು ಹೇಳುತ್ತೇನೆ. ನೀನು ಓದಬೇಡ, ಬಾಯಿಬಿಡಬೇಡ. ಬರಬಹುದು ಎಂದು ಒಂದು ಸಾಲು ಬರೆ. ರಜ ಕೇಳಿಟ್ಟಿದ್ದೇನೆ.

ಮಂಗಳ


ಮದ್ದೂರು,
೨–೧೦–೧೯೪೫

ಮಂಗಳಕ್ಕನಿಗೆ,

ನಿಮಗೆ ಬರೆಯುವುದರೊಳಗೆ ಓದಿಬಿಟ್ಟೆ. ಶುಕ್ರವಾರ ಮಧ್ಯಾಹ್ನ ಅಮ್ಮಿ ಅಕ್ಕಿ ಕೇರುತ್ತಿದ್ದಳು. ತಾನಾಗಿಯೇ, "ಆ ಕೈ ಯಾಕೆ ಅಂಗೆ ತಪ್ತು ಅಂತ ಅವ್ರನ್ನ ಒಂದ್ ದಿನ ನೆಟ್ಟಗೆ ಕೇಳ್ಬೇಕಿತ್ತು" ಎಂದಳು. ನನಗೆ ತಡೆಯಲಾಗಲಿಲ್ಲ.

ಓದುವಾಗ ಮೊರ ಕೈಯಲ್ಲೇ ಇತ್ತು. ಮುಗಿದ ಮೇಲೆ, "ಹಿತ್ತಲಲ್ಲಿ ಅವ್ರು ಏನಂದ್ರು, ಅಷ್ಟು ಮಾತ್ರ ಇನ್ನೊಂದ್ಸಲ ಓದು" ಎಂದಳು. ಮೂರು ಸಲ ಓದಿಸಿದಳು. ಎದ್ದು ಬುರ್ಖಾ ಹಾಕಿಕೊಂಡು ಹೊರಟಳು. ನಾನು ಕಾಲೆಳೆಯುತ್ತ ಹಿಂದೆ ಹೋದೆ. ಶಿಂಷೆಯ ದಡದ ಕಬರಸ್ತಾನಕ್ಕೆ ಹೋಗಿ ನಿಂತಳು. ನಮ್ಮಲ್ಲಿ ಹೆಂಗಸರು ಒಳಗೆ ಹೋಗುವುದಿಲ್ಲ. ಗೋಡೆಯ ಹೊರಗೆ, ಬಿಸಿಲಿನಲ್ಲಿ, ಗೋಡೆಗೆ ಎರಡೂ ಕೈ ಇಟ್ಟು ಇಳಿಹೊತ್ತಿನ ಅಸರ್ ನಮಾಜಿನ ಕೂಗು ಬರುವವರೆಗೆ ನಿಂತಿದ್ದಳು. ಒಂದೇ ಒಂದು ಮಾತು ಕೇಳಿಸಿತು. ನಮ್ಮ ಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ: "ನನಗಾದರೂ ಹೇಳಬಾರದಿತ್ತೇ?"

ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಇವತ್ತು ಬೆಳಿಗ್ಗೆ ಕಾಗದ ತೆಗೆದುಕೊಳ್ಳೆಂದಳು. ಅವಳ ಮಾತು:

"ಮಂಗಳಾ, ನಿಂಗೆ ಬೈಯ್ಯಾಕೆ ನನ್ನತ್ರ ಮಾತು ರಾಸಿ ಅವೆ. ಬೈಯ್ಯಾಕೆ ಕುಂತ್ರೆ ನನ್ ಮೇಲೇ ತಿರುಗಿ ಬತ್ತವೆ. ನೀನು ಒಂದಿನ ತಪ್ ಮಾಡ್ದೆ. ನಾನು ಐದೂವರೆ ವರ್ಷ ದಿನಾ ಮಾಡ್ದೆ. ಬರಿ ಅಂಗೆ. ಇನ್ನು ಕಾಗ್ದ ಬ್ಯಾಡ. ಬಾ."

ಹಬೀಬಾ


ಮಳವಳ್ಳಿ,
೫–೧೧–೧೯೪೫

ಜಾನ್ ಬೀ ಅಕ್ಕನವರಿಗೆ,

ನಿಮ್ಮಲ್ಲಿಂದ ಹೊರಟ ಇದ್ದಿಲಿನ ಬಸ್ಸು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತು, ಅಂತೂ ನಿನ್ನೆ ಸಾಯಂಕಾಲ ಊರು ಸೇರಿಸಿತು. ಹಬೀಬಾ ಇದನ್ನು ಓದಿ ಹೇಳುತ್ತಾಳೆ. ಈಗ ಅವಳಿಂದ ಮುಚ್ಚಿಡುವುದು ಏನೂ ಉಳಿದಿಲ್ಲ.

ನೀವೇ ಬಾಗಿಲು ತೆಗೆದಿರಿ. ಕಾಲಿಗೆ ನೀರು ಕೊಟ್ಟಿರಿ. ಆಮೇಲೆ ಆ ದಿನದ ಕಥೆಯನ್ನು ಬೆಳಗಿನಿಂದ ಸಂಜೆಯವರೆಗೆ ಹೇಳಿಸಿದಿರಿ, ಮತ್ತೆ ಹೇಳಿಸಿದಿರಿ. ಬಯ್ಯುವಿರೆಂದು ಕಾದೆ. ಕೊನೆಗೆ ನೀವು ಕೇಳಿದ್ದು, "ಅವತ್ತು ಅವ್ರು ಊಟ ಮಾಡಿದ್ರಾ?" ನೆನಪಿಲ್ಲ ಎಂದೆ.

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಎರಡನೆಯ ಸಲ ಬಸ್ಸು ನಿಂತಾಗ ನೆನಪಾಯಿತು. ಮಾಡಲಿಲ್ಲ ಅಕ್ಕ. ನೀವು ಊರಿಗೆ ಹೋಗುವಾಗ ಮಾಡಿಟ್ಟಿದ್ದ ರೊಟ್ಟಿ ಬುಟ್ಟಿಯಲ್ಲಿತ್ತು. ಅದನ್ನು ಬಿಚ್ಚಿ ನೋಡಿ, ಮತ್ತೆ ಬಟ್ಟೆ ಸುತ್ತಿ ಇಟ್ಟರು. ನಿಂತುಕೊಂಡೇ ಹೂಜಿಯಿಂದ ಒಂದು ಲೋಟ ನೀರು ಕುಡಿದರು. ರಾತ್ರಿಯೆಲ್ಲ ಹಬೀಬಾಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಮಗಳನ್ನು ಮೂರು ತಿಂಗಳು ನನ್ನ ಹತ್ತಿರ ಕಳಿಸಿ. ಇಲ್ಲಿಯ ಡಾಕ್ಟರು ಒಪ್ಪಿದ್ದಾರೆ. ಮೊದಲ ಸೂಜಿ ನನ್ನ ಮೈಗೇ ಹಾಕಲಿ, ನೀರಿನದು. ಜಾಗ ತಪ್ಪಿದರೆ ನಾನು ಅಲ್ಲೇ ಇರುತ್ತೇನಲ್ಲ, ಕೂಗಿ ಹೇಳುತ್ತೇನೆ.

ಮಂಗಳ


ಮದ್ದೂರು,
೯–೧೧–೧೯೪೬

ಮಂಗಳಕ್ಕನಿಗೆ,

ನಿಮ್ಮ ಮನೆಯಿಂದ ಬಂದು ಏಳು ತಿಂಗಳಾಯಿತು. ಇಷ್ಟು ದಿನ ಡಾಕ್ಟರ್ ಶಿವಯ್ಯನವರ ಹಿಂದೆ ನಿಂತು ಹತ್ತಿ ಕೊಟ್ಟೆ, ಸ್ಪಿರಿಟ್ ಕೊಟ್ಟೆ. ಪಿಚಕಾರಿ ಕುದಿಸುವುದು ಅಮ್ಮಿಯ ಕೆಲಸ. ಬೇಡ ಎಂದರೂ ಬಿಡುವುದಿಲ್ಲ. ಹೋದ ವಾರದ ಸಮಾಚಾರವನ್ನು ತಾನೇ ಹೇಳುತ್ತೇನೆ ಎನ್ನುತ್ತಾಳೆ. ನಾನು ಬರೆಯುವವಳು ಮಾತ್ರ.

"ಮಂಗಳಾ, ಹೂ ಮಾರೋ ದೇವಿರಮ್ಮಂಗೆ ಚಳಿಜ್ವರ ಏರ್ಬುಡ್ತು. ಹಳದಿ ಮಾತ್ರೆ ಕೊಟ್ರೆ ಕಕ್ತಾಳೆ. ಡಾಕುಟ್ರು ಸೂಜಿನೇ ಆಗ್ಬೇಕು ಅಂದ್ರು. ಆ ಗಂಡಸು ಕಾಂಪೌಂಡ್ರು ಕೈ ಆಕುದ್ರೆ ಬಂದ್ ಗಾಡಿನೂ ಬ್ಯಾಡ, ನಡ್ಕಂಡೇ ಮನೆಗೆ ಓಯ್ತೀನಿ ಅಂದ್ಲು. ಡಾಕುಟ್ರು ನನ್ ಮಗಳ ಮಖ ನೋಡಿ, ಹಬೀಬಾ ನೀನು ಆಕು, ನಾನು ತೆರೆ ಈಚೆಗಿರ್ತೀನಿ ಅಂದ್ರು. ನಾನು ತೆರೆ ಒಳಗಿದ್ದೆ.

"ಸೀರೆ ಪೂರಾ ಸರಿಸಿದ್ಲು. ಬೆರಳು ಮಡಗಿ ಅಳತೆ ಮಾಡಿದ್ಲು. ಮತ್ತೆ ಮಾಡಿದ್ಲು. ಮೂರ್ನೇ ಸಲ ಮಾಡುವಾಗ ದೇವಿರಮ್ಮ, ಏನವ್ವ, ಬಟ್ಟೆ ಒಲಿಯಾಕೆ ಅಳತೆ ತಗತಿದ್ದೀಯಾ ಅಂದ್ಲು. ಇವ್ಳು ಚುಚ್ಚಿದ್ಲು, ಹಿಂದಕ್ಕೆ ಎಳೆದು ನೋಡಿದ್ಲು, ನಿಧಾನಕ್ಕೆ ಬುಟ್ಳು. ಕಾಲಿಗೇನಾದ್ರೂ ಮಿಂಚು ಓಡ್ತಾ ಅಂತ ಕೇಳಿದ್ಲು. ಯಾವ್ ಮಿಂಚೂ ಇಲ್ಲ ಕಣೆ, ಇನ್ನೂ ಚುಚ್ಚಿಲ್ವಾ ಅಂದ್ಲು ದೇವಿರಮ್ಮ."

ಇದೆಲ್ಲ ನನಗೆ ಗೊತ್ತಿದ್ದದ್ದೇ. ಇಲ್ಲಿಂದ ಮುಂದಿನದು ನನಗೂ ಈಗಲೇ ತಿಳಿಯುತ್ತಿದೆ ಅಕ್ಕ. ನಾನು ಬರೆಯುವುದನ್ನು ನಿಲ್ಲಿಸಿ ಅಮ್ಮಿಯ ಮುಖ ನೋಡಿದೆ. "ನೋಡ್ಬ್ಯಾಡ, ಬರಿ" ಎನ್ನುತ್ತಾಳೆ.

"ಮೂರ್ನೇ ದಿನ ಬೆಳಗ್ಗೆ ಚೊಂಬು ಇಡ್ಕಂಡು ಆಲು ತತ್ತೀನಿ ಅಂತ ಇವ್ಳಿಗೆ ಸುಳ್ಳೇಳಿ ದೇವಿರಮ್ಮನ ಬೀದಿಗೆ ಓದೆ. ಜಗಲಿ ಮೇಲೆ ಕುಂತು ಹೂ ಕಟ್ತಿದ್ಲು. ಜ್ವರ ಬುಟ್ಟಿತ್ತು. ಎದ್ದು ವಸಿ ನಡಿ ಅಂದೆ. ಯಾಕ್ ಬೂಬಮ್ಮ ಅಂದ್ಲು. ನಡಿ ಅಂದ್ರೆ ನಡಿ ಅಂದೆ. ಹೂ ಬುಟ್ಟಿ ಮಡಗಿ ಬಾವಿಗಂಟ ಓಗಿ ಬಂದ್ಲು. ನಾನು ಬಗ್ಗಿ ಅವ್ಳ ಪಾದಾನೇ ನೋಡ್ತಿದ್ದೆ. ಬಲಗಾಲೂ ಎತ್ತಿದ್ಲು. ಎಡಗಾಲೂ ಎತ್ತಿದ್ಲು. ಬೆರಳು ನೆಲಕ್ಕೆ ತಾಗ್ಲಿಲ್ಲ. ಇನ್ನೊಂದ್ಸಲ ಓಗಿ ಬಾ ಅಂದೆ. ಬೈಕಂಡು ಓಗಿ ಬಂದ್ಲು.

"ಆಮೇಲೆ ಮನೆಗೆ ಬಂದೆ. ಆಲು ಮರ್ತಿದ್ದೆ."

ಜಾನ್ ಬೀ
(ಹೆಬ್ಬೆಟ್ಟು ಅವಳೇ ಒತ್ತಿದ್ದಾಳೆ. ಬರೆದವಳು ಹಬೀಬಾ.)